ಬಿಳಿ ಬಟ್ಟೆಯ ಮೂಲೆಗೆ ಅರಿಶಿನ

ಈ ಸಭೆಯ ಅಧ್ಯಕ್ಷರೂ ನನ್ನ ಎದೆಯೊಳಗನ್ನು ನನಗಿಂತ ಚೆನ್ನಾಗಿ ಬಲ್ಲವರೂ ಆದ ಡಾಕ್ಟರ್ ಚಂದ್ರಮೌಳಿಯವರೇ, ಸನ್ಮಾನ ಬೇಡ ಬೇಡ ಎನ್ನುತ್ತಲೇ ಬೆಳಗ್ಗೆಯಿಂದ ಮೂರು ಸೀರೆ ಬದಲಾಯಿಸಿ ಬಂದು ಕೂತಿರುವ ನಮ್ಮ ಮನೆಯವರಾದ ಶ್ರೀಮತಿ ನಾಗವೇಣಿಯವರೇ, ಕನ್ನಡದ ಒಂದಕ್ಷರ ಬಾರದಿದ್ದರೂ ಮೊದಲ ಸಾಲಿನಲ್ಲಿ ಎಲ್ಲರಿಗಿಂತ ಗಮನವಿಟ್ಟು ಕೇಳುತ್ತಿರುವ ಮದಾಮ್ ಒದೆತ್ ಅವರೇ, ಹಿಂದಿನ ಕೋಣೆಯಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿದ್ದರೂ ಕುರ್ಚಿ ಬಿಟ್ಟು ಏಳದೆ ಕೂತಿರುವ ಪರ್ತ್ ನಗರದ ಸಹನಶೀಲ ಸಭಿಕರೇ,

ಫ್ರೆಂಚರಿಗೆ ಹೊಲಿಗೆ ಕಲಿಸಿದವನು ನಾನು.

ನಗಬೇಡಿ. ಮುನ್ನೂರು ವರ್ಷಗಳಿಂದ ಆ ದೇಶದ ದೊಡ್ಡಮನೆಯ ಹೆಂಗಸರು ಹೊದ್ದುಕೊಂಡು ಬಂದ ಬಿಳಿ ಹೊದಿಕೆಯ ಮೂಲ ವಿದ್ಯೆ ಕಡೂರು ತಾಲ್ಲೂಕಿನ ನಮ್ಮ ಹಳ್ಳಿಯದು. ಅದನ್ನು ಅವರಿಗೆ ತಲುಪಿಸಿದವನು ಇದೇ ಪಂಚಾಕ್ಷರಿ. ಮುನ್ನೂರು ವರ್ಷದ ಹಿಂದೆ ನೀನು ಎಲ್ಲಿದ್ದೆ ಎಂದು ಯಾರೋ ಹಿಂದಿನ ಸಾಲಿನಲ್ಲಿ ಗೊಣಗಿದಂತೆ ಕೇಳಿಸಿತು. ಭಾಷಣದ ನಡುವೆ ಪ್ರಶ್ನೆ ಹಾಕುವುದು ಸಭಾಮರ್ಯಾದೆಯಲ್ಲ. ಇಷ್ಟು ಮಾತ್ರ ಒಪ್ಪಿಕೊಳ್ಳಿ: ಈ ಕಲೆಗಾಗಿ ಒಂದೇ ಪಂದ್ಯದಲ್ಲಿ ಐನೂರು ಡಾಲರ್ ಕಳೆದುಕೊಂಡ ಕನ್ನಡಿಗ ಆಸ್ಟ್ರೇಲಿಯಾ ಖಂಡದಲ್ಲಿ ನಾನೊಬ್ಬನೇ. ಅದು ನಿಮಗೆಲ್ಲ ಗೊತ್ತಿರುವ ವಿಷಯ. ಏಕೆಂದರೆ ನಾನೇ ನಿಮಗೆಲ್ಲ ಹೇಳಿದ್ದೇನೆ.

ಇವತ್ತಿನ ಸನ್ಮಾನ ಯಾತಕ್ಕೆಂದು ಕಾರ್ಯದರ್ಶಿಗಳು ಆಗಲೇ ವಿವರಿಸಿದರು. ಅಡಿಲೇಡ್‌ನಲ್ಲಿ ನಡೆದ ಕಸೂತಿ ಪ್ರದರ್ಶನದಲ್ಲಿ ನಮ್ಮ ಮನೆಯವರ ಬಿಳಿ ಹೊಲಿಗೆಗೆ ಮೊದಲ ಬಹುಮಾನ ಬಂದಿದೆ. ಮುಂದಿನ ತಿಂಗಳು ನಾವು ಮಗನ ಹೊಸ ಕೆಲಸದ ಹಿಂದೆ ಬ್ರಿಸ್ಬೇನ್‌ಗೆ ಹೊರಡುವವರು. ಆದ್ದರಿಂದ ಸನ್ಮಾನವನ್ನೂ ಬೀಳ್ಕೊಡುಗೆಯನ್ನೂ ಒಂದೇ ಹಾರದಲ್ಲಿ ಮುಗಿಸುತ್ತಿದ್ದೀರಿ. ಉಳಿತಾಯವನ್ನು ಮೆಚ್ಚಿದೆ. ಮಾತಾಡಬೇಕಾದವರು ಅವರು. ಅವರು ಮೈಕು ನೋಡಿದರೆ ಬೆವರುತ್ತಾರೆ, ನಾನು ಮೈಕು ನೋಡದಿದ್ದರೆ ಬೆವರುತ್ತೇನೆ. ಹೀಗಾಗಿ ಎದ್ದು ನಿಂತಿದ್ದೇನೆ.

ಏನಿದು ಬಿಳಿ ಹೊಲಿಗೆ? ಮೇಜಿನ ಮೇಲಿದೆ, ಆಮೇಲೆ ಕೈ ತೊಳೆದುಕೊಂಡು ಬಂದು ನೋಡಿ. ಮೊದಲು ಕೈ ತೊಳೆಯಿರಿ, ಆಮೇಲೆ ಊಟ. ಎರಡು ಪದರ ತೆಳು ಬಿಳಿ ಬಟ್ಟೆ. ಮೇಲೆ ನೀಲಿ ಪೆನ್ಸಿಲಿನಲ್ಲಿ ಚಿತ್ರ ಬಿಡಿಸಿಕೊಳ್ಳುವುದು. ಆ ಗೆರೆಗಳ ಮೇಲೆ ಬಿಳಿ ದಾರದಲ್ಲಿ ಸಾದಾ ಹೊಲಿಗೆ. ಸೂಜಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಅಷ್ಟೇ. ಆದರೆ ಎಂಥ ಹೊಲಿಗೆ! ಎಳ್ಳಿಗಿಂತ ಸಣ್ಣದು. ಎರಡು ಗೆರೆಗಳ ನಡುವೆ ಒಂದು ಸಣ್ಣ ಕಾಲುವೆಯಾಗುತ್ತದೆ. ಆಮೇಲೆ ಬಟ್ಟೆಯ ಹಿಂಭಾಗದಿಂದ ಮೊಂಡು ಸೂಜಿಯಲ್ಲಿ ದಪ್ಪ ಹತ್ತಿ ನೂಲನ್ನು ಆ ಕಾಲುವೆಯೊಳಗೆ ತೂರಿಸಿ ಎಳೆಯುವುದು. ನೂಲು ತುಂಬಿದ ಕಡೆ ಬಟ್ಟೆ ಉಬ್ಬಿ ನಿಲ್ಲುತ್ತದೆ. ಬಿಳಿಯ ಮೇಲೆ ಬಿಳಿ ಹೂವು, ಬಿಳಿ ಎಲೆ, ಬಿಳಿ ಬಳ್ಳಿ. ಬಣ್ಣವಿಲ್ಲ, ಜರಿಯಿಲ್ಲ. ಕಣ್ಣು ಮುಚ್ಚಿಕೊಂಡು ಬೆರಳಿನಲ್ಲಿ ಓದಬಹುದು. ಬೆಳಕಿಗೆ ಹಿಡಿದರೆ ದೀಪ ಹಚ್ಚಿಟ್ಟ ಜಾಲಂಧ್ರ. ಇದಕ್ಕೆ ಅವರು ಬೂತಿ ಎನ್ನುತ್ತಾರೆ.

ನಾನು ಏನೆನ್ನುತ್ತೇನೆ? ಚಡ್ಡಿಗೆ ಲಾಡಿ ತೂರಿಸುವ ವಿದ್ಯೆ ಎನ್ನುತ್ತೇನೆ. ಹೌದೋ ಅಲ್ಲವೋ ನೀವೇ ಹೇಳಿ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ನಾನು ಗಣಿತದಲ್ಲಿ ಎಷ್ಟನೆಯವನಾಗಿದ್ದೆ ಎಂಬುದು ಈಗ ಬೇಡ. ಆದರೆ ಯಾವ ಹುಡುಗನ ಚಡ್ಡಿಯ ಲಾಡಿ ಒಳಗೆ ಸೇರಿಕೊಂಡರೂ ಮೇಷ್ಟ್ರು ಕರೆಯುತ್ತಿದ್ದದ್ದು ನನ್ನನ್ನೇ. ಒಂದು ಪೊರಕೆ ಕಡ್ಡಿ ಕೊಟ್ಟರೆ ಸಾಕು. ಈಗ ಹೇಳಿ, ಮೂಲ ವಿದ್ಯೆ ಯಾರದು?

ಇರಲಿ. ವಿಷಯಕ್ಕೆ ಬರುತ್ತೇನೆ.

ನಾವು ಈ ದೇಶಕ್ಕೆ ಬಂದದ್ದು ಎಪ್ಪತ್ತೊಂಬತ್ತರಲ್ಲಿ, ಅಡಿಲೇಡ್‌ಗೆ. ಮಗ ಮಹಾಬಲೇಶ್ವರ, ಸೊಸೆ ಇಂದಿರಾ, ಇಬ್ಬರೂ ಡಾಕ್ಟರು. ಸೊಸೆಯ ಬಾಣಂತನಕ್ಕೆಂದು ಬಂದ ನಾವು ಆರು ತಿಂಗಳಿಗೆ ಹೊರಡಬೇಕಾಗಿತ್ತು. ಅಷ್ಟರಲ್ಲಿ ನನ್ನ ಎದೆ ತಕರಾರು ತೆಗೆಯಿತು. ಮಗನಿಗೆ ಪರ್ತ್‌ನಲ್ಲಿ ಕೆಲಸವಾಯಿತು, ಗಂಟುಮೂಟೆಯೊಂದಿಗೆ ಇಲ್ಲಿಯ ಮೋರ್ಲಿ ಬಡಾವಣೆಗೆ ಬಂದೆವು, ಇಲ್ಲಿ ಚಂದ್ರಮೌಳಿಯವರು ನನ್ನ ಎದೆಗೆ ಕಿವಿಯಿಟ್ಟು ಕೇಳಿ, ಅಂಕಲ್, ನೀವು ಎಲ್ಲಿಗೂ ಹೋಗುವ ಹಾಗಿಲ್ಲ, ಕಣ್ಣೆದುರಿಗೇ ಇರಬೇಕು, ದಿನಾ ನಡೆಯಬೇಕು ಎಂದುಬಿಟ್ಟರು. ನನಗೇನೂ ಕಷ್ಟವಾಗಲಿಲ್ಲ. ಏಳನೇ ಕ್ಲಾಸಿನ ಇಂಗ್ಲಿಷಿನಲ್ಲಿ ನಾನು ಅಂಚೆಯವನನ್ನು ಗೆದ್ದೆ, ಪೆಟ್ರೋಲ್ ಹಾಕುವ ಸರ್ವೋದವನನ್ನು ಗೆದ್ದೆ. ಎದುರು ಮನೆಯವನು ಬಾರ್ಬಿಗೆ, ಅಂದರೆ ಹಿತ್ತಿಲಲ್ಲಿ ಮಾಂಸ ಸುಟ್ಟು ತಿನ್ನುವ ಊಟಕ್ಕೆ, ಕರೆದ. ಹೋಗಿ ಜೋಳ ಸುಡಿಸಿಕೊಂಡು ತಿಂದು ಬಂದೆ.

ಆದರೆ ನಮ್ಮ ಮನೆಯವರಾದ ಇವರು? ಬೆಳಗ್ಗೆ ಮಗ ಸೊಸೆ ಆಸ್ಪತ್ರೆಗೆ ಹೋದರೆ ಮನೆ ಮೌನ. ಬೀದಿ ಮೌನ. ಮೋರ್ಲಿಯ ಬೀದಿಯಲ್ಲಿ ಮಧ್ಯಾಹ್ನ ಒಂದು ಕಾಗೆ ಕೂಗಿದರೂ ಯಾರೋ ಬಂದರೆಂದು ಬಾಗಿಲಿಗೆ ಹೋಗುತ್ತಿದ್ದರು. ಮಾತಿಗೆ ಇದ್ದದ್ದು ಮೊಮ್ಮಗಳು ಶಾರದಾ ಒಬ್ಬಳೇ. ಮಗುವನ್ನು ತೊಡೆಯಿಂದ ಇಳಿಸುತ್ತಲೇ ಇರಲಿಲ್ಲ. ಅವಳು ಮಾತು ಕಲಿತಳು, ಕಲಿತದ್ದು ಇಂಗ್ಲಿಷ್. ಅಜ್ಜಿ ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ತೊಡೆಯಿಂದ ಜಾರಿ ಓಡುವುದು. ಒಂದು ದಿನ ನನಗೆ ಸಾರು ಬಡಿಸುತ್ತ ಇವರು, ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿಯೇ ಹೇಳಿದರು:

"ನೀವು ಇರಬೇಕು, ಸರಿ. ಇರಿ. ನಾನು ಊರಿಗೆ ಹೋಗ್ತೀನಿ ರೀ."

ಸಭಿಕರೇ, ನಾನು ಏನು ಹೇಳಿದೆ? ಏನೂ ಹೇಳಲಿಲ್ಲ. ನನ್ನ ಬಾಯಿಂದ ಮಾತು ಹೊರಡದ ಆ ಒಂದು ಗಳಿಗೆಯನ್ನು ನೋಡುವ ಭಾಗ್ಯ ನಿಮಗಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷ, ಅವರು ತವರಿಗೆ ಹೋದಾಗಲೂ ಎರಡನೇ ದಿನ ಏನಾದರೂ ನೆಪ ಹೂಡಿ ಹಿಂದೆಯೇ ಹೋಗುತ್ತಿದ್ದವನು ನಾನು. ಇದನ್ನು ಹೇಳಬೇಕೆಂದಿರಲಿಲ್ಲ, ಬಂದುಬಿಟ್ಟಿತು. ಬರೆದುಕೊಳ್ಳಬೇಡಿ.

ಆಗ ಬಂದವರು ಈ ಒದೆತ್. ಬಂದವರು ಎಂದರೆ, ಅವರು ಅಲ್ಲೇ ಇದ್ದರು, ನಮ್ಮ ಹಿತ್ತಿಲ ಬೇಲಿಯ ಆಚೆ. ಫ್ರಾನ್ಸಿನ ದಕ್ಷಿಣದವರು, ಮಾರ್ಸೇಲ್ ಬಂದರಿನ ಕಡೆಯವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ. ನಮ್ಮ ಮನೆಯವರು ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ, ಮೊಮ್ಮಗಳಿಗೆಂದು ಹಳೆಯ ಸೀರೆ ಮಡಚಿ ಹೊಲಿದಿದ್ದ ಕೌದಿಯನ್ನು ಆಕೆ ಬೇಲಿಯ ಆಚೆಯಿಂದ ನೋಡಿದ್ದಾರೆ. ಕೈ ಚಾಚಿ ಮುಟ್ಟಿ, ತಿರುಗಿಸಿ, ಹಿಂಭಾಗದ ಹೊಲಿಗೆ ನೋಡಿದ್ದಾರೆ. ನಮ್ಮಲ್ಲಿಯೂ ಹಾಗೇ ಅಲ್ಲವೇ, ಹೊಲಿಗೆ ಬಲ್ಲವರು ಮುಂಭಾಗ ನೋಡುವುದಿಲ್ಲ. ಆಮೇಲೆ ಒಳಗೆ ಹೋಗಿ ತಮ್ಮದೊಂದನ್ನು ತಂದು ಬೇಲಿಯ ಮೇಲೆ ಹಾಸಿದ್ದಾರೆ. ಇವರು ಅದನ್ನು ಮೊದಲು ತಿರುಗಿಸಿ ಹಿಂಭಾಗ ನೋಡಿದ್ದಾರೆ. ಅಲ್ಲಿಗೆ ಸ್ನೇಹವಾಯಿತು. ಒಬ್ಬರದು ಕನ್ನಡ, ಒಬ್ಬರದು ಫ್ರೆಂಚು. ಇವತ್ತಿಗೂ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿಯೇ ಜಗಳವಾಡುತ್ತಾರೆ, ಯಾರಿಗೂ ಸೋಲಿಲ್ಲ.

ಆಕೆ ಇವರಿಗೆ ಮೊದಲು ಹಾಕಿಕೊಟ್ಟ ಪಾಠ ಯಾವುದು ಗೊತ್ತೇ? ಒಂದು ಚೌಕ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಾಗ ಸೀರೆ ಒದ್ದೆಯಾಗದಿರಲೆಂದು ಹಾಸಿಕೊಳ್ಳುವ ಚೌಕ. ವರ್ಷಗಟ್ಟಲೆ ಕಣ್ಣು ಸವೆಸಿ ಹೊಲಿದದ್ದರ ಮೇಲೆ ಮಗು ಉಚ್ಚೆ ಹುಯ್ಯುವುದು! ನಮ್ಮಲ್ಲಿ ಇದಕ್ಕೆ ಹರಿದ ಪಂಚೆಯ ಚೂರು ಸಾಕು ಎಂದು ನಾನು ನನ್ನ ಏಳನೇ ಕ್ಲಾಸಿನ ಇಂಗ್ಲಿಷಿನಲ್ಲಿ ಒದೆತ್‌ಗೆ ತಿಳಿಸಿಕೊಟ್ಟೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮನ್ನು ನೋಡಿದರೆ ಗೊತ್ತಾಗುತ್ತದೆ ಎಂಬರ್ಥದ ಏನನ್ನೋ ಹೇಳಿದರು. ಅವರ ಭಾಷೆ ಬಾರದಿದ್ದರೂ ಕೆಲವು ಮಾತು ಅರ್ಥವಾಗಿಬಿಡುತ್ತದೆ.

ಇವರು ಹೇಳಿದರು: ಇದೊಂದು ಮುಗಿಸಿ ಹೋಗ್ತೀನಿ. ಮಗ ಟಿಕೆಟ್ಟು ವಿಚಾರಿಸುವುದನ್ನು ಮುಂದಕ್ಕೆ ಹಾಕಿದ.

ಆ ಮಧ್ಯಾಹ್ನಗಳು ಹೇಗಿದ್ದವು ಎಂದು ಹೇಗೆ ಹೇಳಲಿ? ಮಧ್ಯಾಹ್ನಕ್ಕೆ ಇಲ್ಲಿಯವರು ಆರ್ವೋ ಎನ್ನುತ್ತಾರೆ. ಊಟವಾದ ಮೇಲೆ ಹಿಂದಿನ ವರಾಂಡದಲ್ಲಿ ಮೂರು ಕುರ್ಚಿ. ಹೌದು, ಮೂರು. ಒದೆತ್ ಅವರ ಕಾಫಿ ಅವರಿಗೆ, ನಮ್ಮ ಕಾಫಿ ನಮಗೆ. ಇವರು ಹೊಲಿಯುವುದು. ಹೊಲಿದಾದ ಕಾಲುವೆಗೆ ನೂಲು ತೂರಿಸುವ ಕೆಲಸ ಯಾರದು? ಲಾಡಿ ವಿದ್ಯೆಯ ಪಂಡಿತರದು. ಮೀಸೆ ಹೊತ್ತ ಗಂಡಸು ಹೆಂಗಸರ ನಡುವೆ ಕೂತು ಬಟ್ಟೆಗೆ ನೂಲು ತುಂಬುತ್ತಿದ್ದದ್ದು ನಿಮಗೆ ನಗೆ ಬರಿಸಬಹುದು. ಒಮ್ಮೆ ಕೈಗೆ ತೆಗೆದುಕೊಂಡು ನೋಡಿ. ಸೂಜಿ ಒಳಗೆ ಎಲ್ಲಿದೆ ಎಂದು ಕಾಣುವುದಿಲ್ಲ. ಬೆರಳಿಗೆ ಮಾತ್ರ ಗೊತ್ತು. ಮೆಲ್ಲಗೆ ಎಳೆದಾಗ ಸತ್ತು ಬಿದ್ದಿದ್ದ ಬಟ್ಟೆ ಉಸಿರು ತೆಗೆದುಕೊಂಡಂತೆ ಏಳುತ್ತದೆ. ನಾನು ಜೀವನದಲ್ಲಿ ಹಲವು ದೊಡ್ಡ ಕೆಲಸ ಮಾಡಿದ್ದೇನೆ, ಅವನ್ನು ಬೇರೆ ಸಭೆಯಲ್ಲಿ ಹೇಳುತ್ತೇನೆ. ಅಷ್ಟು ಸಂತೋಷ ಯಾವುದರಲ್ಲೂ ಸಿಕ್ಕಿಲ್ಲ.

ಒದೆತ್ ಬಿಡಿಸಿಕೊಟ್ಟದ್ದು ದ್ರಾಕ್ಷಿ ಬಳ್ಳಿ. ಇವರು ಹೊಲಿಯುತ್ತ ಹೋದಂತೆ ಅದರ ಎಲೆ ವೀಳ್ಯದೆಲೆಯಾಯಿತು, ಗೊಂಚಲು ಮಲ್ಲಿಗೆ ಮೊಗ್ಗಾಯಿತು. ಒದೆತ್ ತಲೆ ಚಚ್ಚಿಕೊಂಡರು; ಆಮೇಲೆ ಮೊಗ್ಗಿನ ತೊಟ್ಟು ಹೇಗೆ ಹೊಲಿದೆ ತೋರಿಸು ಎಂದರು. ನಾನು ಮಾತ್ರ ನಿಧಾನ. ಒಂದು ಬಳ್ಳಿಗೆ ನೂಲು ತುಂಬಲು ವಾರ. ಕಣ್ಣು ಮಂಜು ಎಂದೆ, ಬೆರಳು ನೋವು ಎಂದೆ, ಇವತ್ತು ಅಮಾವಾಸ್ಯೆ, ಹೊಸ ಎಲೆ ಶುರು ಮಾಡಬಾರದು ಎಂದೆ. ಒದೆತ್ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದರು. ಯಾಕೆ ನಿಧಾನ ಮಾಡುತ್ತಿದ್ದೆ ಎಂದು ನಾನು ಹೇಳುವುದಿಲ್ಲ. ನೀವೂ ಕೇಳಬೇಡಿ.

ಎಷ್ಟು ನಿಧಾನ ಮಾಡಿದರೂ ಒಂದು ದಿನ ಕೊನೆಯ ಮೊಗ್ಗಿಗೂ ನೂಲು ತುಂಬಲೇಬೇಕಲ್ಲ. ಎಂಬತ್ಮೂರನೇ ಇಸವಿ. ನೀಲಿ ಗೆರೆ ಹೋಗಲೆಂದು ನೀರಿನಲ್ಲಿ ನೆನೆಸಿ ತೆಗೆದರು. ಒಣಗಿದಾಗ ಅದು ಎದ್ದು ನಿಂತ ಚೆಂದವನ್ನು ಏನು ಹೇಳಲಿ! ಒದೆತ್ ಹೇಳಿದರು, ಪಕ್ಕದ ಬಡಾವಣೆ ಬೇಸ್‌ವಾಟರ್‌ನ ಸಭಾಭವನದಲ್ಲಿ ಹೊಲಿಗೆಯವರ ಸ್ಪರ್ಧೆಯಿದೆ, ಇದನ್ನು ಕೊಡೋಣ. ನನ್ನ ತಲೆಯಲ್ಲಿ ದೀಪ ಹತ್ತಿಕೊಂಡಿತು. ಬಹುಮಾನ ಬಂದರೆ ಮನುಷ್ಯನಿಗೆ ಇನ್ನೊಂದು ಬಹುಮಾನದ ಆಸೆ ಹುಟ್ಟುತ್ತದೆ. ಇನ್ನೊಂದರ ಆಸೆ ಹುಟ್ಟಿದರೆ ಊರಿನ ಮಾತು ಹಿಂದೆ ಬೀಳುತ್ತದೆ. ಇವರು ಗೆಲ್ಲಲೇಬೇಕು. ಗೆಲ್ಲದಿದ್ದರೆ ಟಿಕೆಟ್ಟು. ನನಗೆ ಕಂಡದ್ದು ಎರಡೇ ದಾರಿ.

ಬಟ್ಟೆ ಕೊಡಬೇಕಾದ ದಿನ ಬೆಳಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಇವರು ದೇವರ ಮುಂದೆ ಕೂತಿದ್ದಾರೆ. ಹೊಸ ಬಟ್ಟೆ ಮನೆಯಿಂದ ಹೊರಗೆ ಹೋಗುವ ಮುಂಚೆ ಏನು ಮಾಡಬೇಕು? ಇಲ್ಲಿ ಕೂತಿರುವ ತಾಯಂದಿರೆಲ್ಲ ಏನು ಮಾಡುತ್ತೀರೋ ಅದನ್ನೇ ಮಾಡಿದ್ದಾರೆ. ನಾಲ್ಕು ಮೂಲೆಗೂ ಒದ್ದೆ ಅರಿಶಿನ.

ಬೇಲಿಯ ಬಾಗಿಲು ದಾಟಿ ಬಂದ ಒದೆತ್ ಅದನ್ನು ಕಂಡು ನೆಲದ ಮೇಲೆ ಕೂತುಬಿಟ್ಟರು. ಬಿಳಿಯ ಮೇಲೆ ಬಿಳಿಯ ಹೊರತು ಇನ್ನೇನೂ ಇರಬಾರದೆಂಬುದೇ ಆ ವಿದ್ಯೆಯ ಧರ್ಮ. ಇವರಿಗೆ ಅದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಇವರ ಲೆಕ್ಕದಲ್ಲಿ ಅರಿಶಿನ ಬಣ್ಣವೇ ಅಲ್ಲ. ಬಟ್ಟೆಯ ಮೇಲೆ ಅರಿಶಿನ ಇರುವುದು, ಬಾಗಿಲ ಮುಂದೆ ರಂಗೋಲಿ ಇದ್ದ ಹಾಗೆ. ಅದು ಕಲೆಯಾಗುವುದು ಹೇಗೆ?

ಆಗ ಯಾರು ಮುಂದೆ ಬಂದರು? ನಾನು ಬಂದೆ. ಕಲೆ ತೆಗೆಯುವುದರಲ್ಲಿ ನಮ್ಮ ತಾಲ್ಲೂಕಿಗೇ ಹೆಸರಾದವನು ನಾನು ಎಂದು ಇಬ್ಬರನ್ನೂ ಪಕ್ಕಕ್ಕೆ ಸರಿಸಿ ಬಟ್ಟೆ ಸೋಪು ತೆಗೆದುಕೊಂಡು ಒಂದು ಮೂಲೆ ಉಜ್ಜಿದೆ. ಮಹಿಳೆಯರು ನಗುತ್ತಿದ್ದೀರಿ, ನಿಮಗೆ ಗೊತ್ತು. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆ? ಕೆಂಪಗಾಗುತ್ತದೆ. ಹಳದಿ ಚುಕ್ಕೆಯಿದ್ದಲ್ಲಿ ಕುಂಕುಮದ ನೀರು ಚೆಲ್ಲಿದ ಹಾಗೆ ಕೆಂಪು. ನಾನು ನಿಲ್ಲಿಸಿದೆನೇ? ಇಲ್ಲ. ಕೆಂಪನ್ನೂ ಉಜ್ಜಿದೆ.

ಇವರು ನನ್ನ ಕೈಯಿಂದ ಬಟ್ಟೆ ಕಸಿದುಕೊಂಡರು. ಬೈಯಲಿಲ್ಲ. ತಣ್ಣೀರಿನಲ್ಲಿ ಸೋಪು ಕಳೆದು, ನಿಂಬೆಹಣ್ಣು ಹಿಂಡಿದರು. ಕೆಂಪು ಮತ್ತೆ ಹಳದಿಯಾಯಿತು. ಆಮೇಲೆ ಹಿತ್ತಿಲಲ್ಲಿ ಬಟ್ಟೆ ಒಣಹಾಕುವ, ಕಂಬದ ಮೇಲೆ ತಿರುಗುವ ತಂತಿಗೆ ಕ್ಲಿಪ್ಪು ಹಾಕಿ, ಬಿಸಿಲಿಗೆ ಬಿಟ್ಟರೆ ಅರಿಶಿನ ತಾನೇ ಹಾರುತ್ತದೆ, ನೀವು ಸುಮ್ಮನೆ ಕೂತಿರಿ ಎಂದರು. ನಾನು ಸುಮ್ಮನೆ ಕೂರಲಿಲ್ಲ. ತಂತಿಯ ಕೆಳಗೆ ಕುರ್ಚಿ ಹಾಕಿಕೊಂಡು, ಸೂರ್ಯ ಸರಿದಂತೆಲ್ಲ ತಂತಿಯನ್ನು ತಿರುಗಿಸುತ್ತ ಹೋದೆ. ಪರ್ತ್‌ನ ಬಿಸಿಲಿಗೆ ನಾನು ಅಷ್ಟು ಕೈಮುಗಿದದ್ದು ಅದೇ ಮೊದಲು. ಒಂದು ಮೂಲೆ ಹೋಯಿತು. ಇನ್ನೊಂದು ಹೋಯಿತು. ಮತ್ತೊಂದೂ ಹೋಯಿತು. ನಾನು ಉಜ್ಜಿದ್ದ ಮೂಲೆಯಲ್ಲಿ ಮಾತ್ರ ಹಳದಿಯ ನೆರಳು ಉಳಿದುಕೊಂಡಿತು. ಸಭಾಭವನದ ಬಾಗಿಲು ಹಾಕುವ ಹೊತ್ತಾಗಿತ್ತು. ಹಾಗೇ ಕೊಟ್ಟೆವು.

ಫಲಿತಾಂಶದ ದಿನ ಮಗ ಸೊಸೆ ಇಬ್ಬರಿಗೂ ಡ್ಯೂಟಿ. ನಾವಿಬ್ಬರು ಬಸ್ಸಿನಲ್ಲಿ ಹೋದೆವು. ಒದೆತ್ ಮುಂಚೆಯೇ ಅಲ್ಲಿ ಕೂತಿದ್ದರು. ಗೆಲ್ಲುವುದಿಲ್ಲ ಎಂದು ಆಕೆಯ ಮುಖದಲ್ಲಿ ಬರೆದಿತ್ತು, ಅದನ್ನು ನನಗೆ ಸಹಿಸಲಾಗಲಿಲ್ಲ. ಗೆದ್ದೇ ಗೆಲ್ಲುತ್ತದೆ, ಪಂದ್ಯ ಕಟ್ಟಿ ಎಂದೆ. ಮಿಸ್ಯೂ ಪಂಚ, ಎಷ್ಟು ಎಂದರು; ನನ್ನ ಪೂರ್ತಿ ಹೆಸರಿಗೆ ಆಕೆಯ ನಾಲಿಗೆ ಹೊರಳುವುದಿಲ್ಲ. ನನ್ನ ಹತ್ತಿರ ಇರುವಷ್ಟೂ ಎಂದೆ. ಬಿಳಿ ಕೈಗವಸು ಹಾಕಿಕೊಂಡ ತೀರ್ಪುಗಾರರು ನಮ್ಮ ಚೌಕವನ್ನು ಎತ್ತಿ, ತಿರುಗಿಸಿ, ಹಿಂಭಾಗ ನೋಡಿ, ತಮ್ಮ ತಮ್ಮಲ್ಲಿ ತಲೆದೂಗಿ, ಬೆಳಕಿಗೆ ಹಿಡಿದು, ಆ ಮೂಲೆಗೆ ಬಂದು ನಿಂತರು. ಕೆಳಗಿಟ್ಟರು. ಮುಂದಕ್ಕೆ ಹೋದರು.

ಪಂದ್ಯ ಪಂದ್ಯವೇ. ಒದೆತ್ ಕೈ ಚಾಚಿದರು. ಕೊಟ್ಟೆ. ಮೂರನೇ ಬಹುಮಾನವೂ ಇಲ್ಲದೆ ಹಿಂದಕ್ಕೆ ಬಂದ ಆ ಚೌಕವನ್ನು ಇವರು ಆಕೆಯ ತೊಡೆಯ ಮೇಲೆ ಹಾಸಿ ನಡೆದುಬಿಟ್ಟರು. ಅದೇ ಚೌಕ ಈಗ ಅಲ್ಲಿ ಒದೆತ್ ಅವರ ತೊಡೆಯ ಮೇಲಿದೆ ನೋಡಿ. ಕಣ್ಣು ಈಗ ಅವರಿಗೆ ಅಷ್ಟಾಗಿ ಕಾಣುವುದಿಲ್ಲ. ಬೆರಳು ಮಾತ್ರ ಆ ಮೂಲೆಯಲ್ಲಿಯೇ ಓಡಾಡುತ್ತಿರುತ್ತದೆ.

ನಾವು ಹೊರಗೆ ಬಂದೆವು. ಬಸ್ಸು ಬಂತು. ನಾನು ಬಸ್ಸಿನ ಕಡೆ ನೋಡದೆ, ಡಾಕ್ಟರು ನಡೆಯಲು ಹೇಳಿದ್ದಾರೆ, ನಡೆಯೋಣ ಎಂದೆ. ಇವರು ಒಂದು ಸಲ ನನ್ನನ್ನೂ ಒಂದು ಸಲ ಬಸ್ಸನ್ನೂ ನೋಡಿ, ಸೆರಗು ಸಿಕ್ಕಿಸಿಕೊಂಡು ನಡೆದರು. ಬೇಸ್‌ವಾಟರ್‌ನಿಂದ ಮೋರ್ಲಿಯವರೆಗೆ. ನಾನು ಮನಸ್ಸಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದೆ, ಅವರದೊಂದು. ವಿಮಾನ ನಿಲ್ದಾಣದಲ್ಲಿ ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ಒಂದು ಮನೆಯ ಮುಂದೆ ನಿಂಬೆ ಗಿಡವಿತ್ತು. ಅದರ ಹತ್ತಿರ ಇವರು ನಿಂತರು.

"ರೀ, ಅರಿಶಿನ ಮೇಲೆ ಹಚ್ಚಿದ್ದಕ್ಕೆ ತಾನೇ ಅವರಿಗೆ ಕಂಡಿದ್ದು? ನೂಲಿಗೇ ಹಚ್ಚಿ, ಒಳಗೆ ತೂರಿಸಿಬಿಟ್ರೆ?"

ನಾನು ಹೇಳಿದೆ, ಅದಕ್ಕೆ ಇನ್ನೊಂದು ಮೊದಲಿಂದ ಹೊಲಿಯಬೇಕಾಗುತ್ತದಲ್ಲ.

"ಹೊಲಿದ್ರಾಯ್ತು."

ಮತ್ತೆ, ಊರು? ಎಂದು ಕೇಳಿದೆ. ಕೇಳಬಾರದಿತ್ತು, ಬಾಯಿ ತಡೆಯಲಿಲ್ಲ.

"ಊರೇನು ಎದ್ದು ಓಡಿ ಹೋಗುತ್ತಾ? ನೀವು ನೂಲು ತುಂಬೋದು ನಿಧಾನ, ಈಗಿಂದ್ಲೇ ಶುರು ಮಾಡ್ಬೇಕು. ಸುಮ್ನೆ ನಡೀರಿ."

ಅಡಿಲೇಡ್‌ನಲ್ಲಿ ಗೆದ್ದದ್ದು ಆ ಎರಡನೆಯ ಚೌಕ. ಮೇಜಿನ ಮೇಲಿರುವುದು ಅದೇ. ಹಾಗೇ ನೋಡಿದರೆ ಅಚ್ಚ ಬಿಳಿ. ಎತ್ತಿ ದೀಪಕ್ಕೆ ಹಿಡಿದರೆ ನಾಲ್ಕು ಮೂಲೆಯಲ್ಲಿ ನಾಲ್ಕು ಮೊಗ್ಗು, ಆಗತಾನೇ ಹಣ್ಣಾಗುತ್ತಿರುವ ಬಾಳೆಯ ಬಣ್ಣ. ಆ ನೂಲಿಗೆ ಅರಿಶಿನ ಅದ್ದಿದವರು ಇವರು. ನೆರಳಿನಲ್ಲಿ ಒಣಗಿಸಿ ಕೊಟ್ಟವರು ಒದೆತ್. ತೂರಿಸಿದವನು ಯಾರೆಂದು ಹೇಳಬೇಕಾಗಿಲ್ಲ. ಅಲ್ಲಿಯ ತೀರ್ಪುಗಾರರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರಂತೆ. ಏನೆಂದುಕೊಂಡರೋ ನನಗೆ ಗೊತ್ತಿಲ್ಲ. ಕೆಳಗಿಡಲಿಲ್ಲ, ಅಷ್ಟು ಗೊತ್ತು.

ಬ್ರಿಸ್ಬೇನ್‌ನಲ್ಲಿ ವರಾಂಡ ಇರುವ ಮನೆಯನ್ನೇ ಹುಡುಕಬೇಕೆಂದು ಮಗನಿಗೆ ಹೇಳಿದ್ದೇನೆ. ಮೂರು ಕುರ್ಚಿ ಹಿಡಿಸುವಂಥದ್ದು. ಒದೆತ್ ಅವರಿಗೆ ಚಳಿಗಾಲಕ್ಕೆ ಬನ್ನಿ ಎಂದಿದ್ದೇವೆ. ಅವರು ನೋಡೋಣ ಎಂದಿದ್ದಾರೆ. ಫ್ರೆಂಚಿನಲ್ಲಿ ಅಂದದ್ದು, ಬರುತ್ತೇನೆ ಎಂದೇ ನಾನು ಅರ್ಥ ಮಾಡಿಕೊಂಡಿದ್ದೇನೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಬಿಸಿಬೇಳೆಬಾತು ತಣ್ಣಗಾಗುತ್ತಿದೆ. ನಮ್ಮ ಮನೆಯವರ ಹೆಸರಿನಲ್ಲಿ ಈ ಊರಿಗೆ, ಈ ಊರಿನ ಬಿಸಿಲಿಗೆ, ಬೇಲಿಯ ಆಚೆಯವರಿಗೆ, ನನ್ನ ಮಾತು ಇಷ್ಟು ವರ್ಷ ಸಹಿಸಿಕೊಂಡ ನಿಮ್ಮೆಲ್ಲರಿಗೆ ಕೈಮುಗಿಯುತ್ತೇನೆ. ಕೂರುವ ಮುಂಚೆ ಆ ಐನೂರು ಡಾಲರಿನ ಬಾಬತ್ತು ಒಂದಿದೆ. ಕೆಲವರಿಗೆ ಏಳುನೂರು ಎಂದೂ ಹೇಳಿದ್ದೆನೆಂದು ಕಾಣುತ್ತದೆ. ಈ ಊರು ಬಿಟ್ಟು ಹೋಗುವವನು, ಲೆಕ್ಕ ಸರಿ ಮಾಡಿಯೇ ಹೋಗುತ್ತೇನೆ. ಅವತ್ತು ನನ್ನ ಜೇಬಿನಲ್ಲಿದ್ದದ್ದು ನಾವಿಬ್ಬರು ಬಸ್ಸಿನಲ್ಲಿ ಮನೆಗೆ ಹಿಂದಿರುಗುವ ಚಾರ್ಜು ಮಾತ್ರ. ಅದು ಇದ್ದಿದ್ದರೆ ಬಸ್ಸು ಹತ್ತುತ್ತಿದ್ದೆವು; ಬಸ್ಸಿನಲ್ಲಿ ಜನರ ನಡುವೆ ಇವರು ಎಂದೂ ಬಾಯಿ ಬಿಟ್ಟವರಲ್ಲ.

ನಾನು ಕಳೆದುಕೊಂಡದ್ದು ಒಂದು ಡಾಲರ್ ಇಪ್ಪತ್ತು ಸೆಂಟು. ನಮಸ್ಕಾರ.